ತುಂಬಿದ ಟ್ಯಾಂಕು, ತಿರುಗುವ ಫ್ಯಾನು

ಭೂಮಿಯನ್ನು ಸುತ್ತುವ ಒಂದು ಬಾಹ್ಯಾಕಾಶ ನಿಲ್ದಾಣದಲ್ಲಿ ಆಮ್ಲಜನಕದ ಟ್ಯಾಂಕೂ ಪುಟ್ಟದೊಂದು ಫ್ಯಾನೂ ಅಕ್ಕಪಕ್ಕದಲ್ಲಿದ್ದವು. ಫ್ಯಾನಿಗೆ ಸುಮ್ಮನಿದ್ದು ಗೊತ್ತಿಲ್ಲ. ಹಗಲಿರುಳೂ ಗಿರಗಿರ ತಿರುಗುತ್ತಲೇ ಇರಬೇಕು.

"ನೀನೇಕೆ ಇಷ್ಟು ಒದ್ದಾಡುತ್ತೀಯೆ? ಉಸಿರು ಕೊಡುವವನು ನಾನು. ಆದರೂ ಸದ್ದಿಲ್ಲದೆ ಕೂತಿದ್ದೇನೆ, ನೋಡು" ಎಂದಿತು ಟ್ಯಾಂಕು.

"ಕೊಟ್ಟದ್ದು ತಲುಪಬೇಕಲ್ಲ" ಎಂದಿತು ಫ್ಯಾನು, ತಿರುಗುವುದನ್ನು ನಿಲ್ಲಿಸದೆ.

ಅಂದು ಮಧ್ಯಾಹ್ನ ಊಟ ಮುಗಿಸಿದ ಗಗನಯಾತ್ರಿ ವಾರಿಜಾ ಒಂದು ಕೋಳಿನಿದ್ದೆ ಮಾಡಲು ಬಂದಳು. ಕಿವಿಗೆ ಹತ್ತಿ ತುರುಕಿಕೊಂಡರೂ ಗಿರಗಿರ ಕೇಳುತ್ತಲೇ ಇತ್ತು. "ಈ ಪೀಡೆಯಿಂದ ತಲೆ ಚಿಟ್ಟುಹಿಡಿದುಹೋಯಿತು" ಎಂದು ಗೊಣಗಿ, ಫ್ಯಾನು ಆರಿಸಿ, ಮಲಗುವ ಚೀಲದೊಳಗೆ ಸೇರಿಕೊಂಡಳು.

"ಈಗ ನೆಮ್ಮದಿ" ಎಂದಿತು ಟ್ಯಾಂಕು.

ಫ್ಯಾನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಅಲ್ಲಿ ಯಾವುದಕ್ಕೂ ಭಾರವಿಲ್ಲ. ಬಿಸಿಯುಸಿರು ಮೇಲೇರಿ ಹೋಗುವುದಿಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ವಾರಿಜಾ ಬಿಟ್ಟ ಕೆಟ್ಟ ಗಾಳಿ ಅವಳ ಮುಖಕ್ಕೇ ಮುಸುಕಿನಂತೆ ಕವಿಯಿತು. ಅದನ್ನೇ ಅವಳು ಮತ್ತೆ ಮತ್ತೆ ಎಳೆದುಕೊಂಡಳು.

"ಅವಳಿಗೆ ಉಸಿರು ಕಟ್ಟುತ್ತಿದೆ, ಏನಾದರೂ ಮಾಡು" ಎಂದು ಫ್ಯಾನು ಚಡಪಡಿಸಿತು.

"ನನ್ನಲ್ಲಿ ತಿಂಗಳಿಗಾಗುವಷ್ಟಿದೆ" ಎಂದಿತು ಟ್ಯಾಂಕು. "ಆದರೆ ಅವಳ ಮೂಗಿನವರೆಗೆ ನಡೆದು ಹೋಗಲು ನನಗೆ ಕಾಲಿಲ್ಲ."

ವಾರಿಜಾ ಏದುಸಿರು ಬಿಡುತ್ತ, ಸಿಡಿಯುವ ತಲೆ ಹಿಡಿದುಕೊಂಡು ಎದ್ದಳು. ತಡಕಾಡಿ ಸ್ವಿಚ್ಚು ಒತ್ತಿದಳು. ಗಾಳಿ ಹರಿಯಿತು, ಮುಸುಕು ಚದುರಿತು. ಕಿವಿಯ ಹತ್ತಿಯನ್ನು ಕಿತ್ತು, ಗಿರಗಿರ ಕೇಳುತ್ತಲೇ ಅವಳು ಮತ್ತೆ ಮಲಗಿದಳು.

"ನೋಡಿದೆಯಾ, ನನ್ನ ಉಸಿರಿನಿಂದ ಬದುಕಿಕೊಂಡಳು" ಎಂದಿತು ಟ್ಯಾಂಕು.

ಉತ್ತರ ಹೇಳಲು ಫ್ಯಾನಿಗೆ ಪುರುಸೊತ್ತಿರಲಿಲ್ಲ.