ತಾತ ಒಂದನೇ ತರಗತಿಗೆ ಸೇರಿದ್ದು

ಕೃಷ್ಣೆಯ ದಂಡೆಯ ಮೇಲೆ ಹಾಲಯ್ಯ ತಾತನವರ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಕಲ್ಲಿನ ಮಂಟಪ, ಒಂದು ಅಡುಗೆಮನೆ, ಬೇವಿನ ಮರದ ನೆರಳು. ಅಷ್ಟೇ.

ತಾತನಿಗೆ ನೂರಾರು ತತ್ವಪದಗಳು ಬಾಯಲ್ಲೇ ಇದ್ದವು. ಕೇಳಲು ದೂರದೂರದಿಂದ ಜನ ಬರುತ್ತಿದ್ದರು.

ಆದರೆ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ದನ ಕಾಯುತ್ತ, ಭಜನೆಯವರ ಹಿಂದೆ ತಿರುಗುತ್ತ ಕೇಳಿ ಕೇಳಿ ಕಲಿತ ವಿದ್ಯೆ ಅದು. ಇದನ್ನು ಅವರು ಮುಚ್ಚಿಟ್ಟವರಲ್ಲ.

ಅವರ ಶಿಷ್ಯ ಅಮರೇಶ. ಪಟ್ಟಣದಲ್ಲಿ ಓದಿ ಬಂದವನು. ಆಶ್ರಮದ ಹೆಸರಿನಲ್ಲಿ ಒಂದು ಸಂಸ್ಥೆ ಕಟ್ಟಿ, ಪಕ್ಕದ ಉಸುಕಿನದೊಡ್ಡಿಯ ಸರ್ಕಾರಿ ಶಾಲೆಯನ್ನು ಉದ್ಧಾರ ಮಾಡಲು ಹೊರಟಿದ್ದ.

ಗೋಡೆಗೆ ಬಣ್ಣ ಬಳಿಸಿದ. ಬೆಂಚು ತರಿಸಿದ. ಕಪಾಟಿನ ತುಂಬ ಕಥೆ ಪುಸ್ತಕ ತುಂಬಿಸಿದ. ಬಾಗಿಲ ಮೇಲೆ ಆಶ್ರಮದ ಹೆಸರಿನ ಫಲಕ ಹಾಕಿಸಿದ.

ಒಂದು ಸಂಜೆ ಅವನು ಬಂದು ತಾತನ ಮುಂದೆ ತಲೆ ತಗ್ಗಿಸಿ ಕುಳಿತ.

"ಏನಾತಪ್ಪ?" ಎಂದರು ತಾತ.

"ಸಾಲಿ ಮುಚ್ಚತಾರಂತ, ತಾತಾ. ಮಕ್ಕಳು ಕಡಿಮೆ ಆಗ್ಯಾರ. ಇದನ್ನ ಮುಚ್ಚಿ ಹಳ್ಳದ ಆಚೆ ಇರೋ ಸಾಲಿಗೆ ಸೇರಸ್ತಾರಂತ."

"ಹಳ್ಳ ತುಂಬಿ ಬಂದಾಗ?"

"ಗಂಡು ಹುಡುಗರು ಹೆಂಗರ ದಾಟ್ಯಾರು. ಹೆಣ್ಣು ಹುಡುಗ್ಯಾರನ್ನ ಯಾರೂ ಕಳಸಂಗಿಲ್ಲ. ಅವರ ಓದು ಅಲ್ಲಿಗೆ ಮುಗೀತು."

ತಾತ ನದಿಯ ಕಡೆ ನೋಡಿದರು.

"ಮಕ್ಕಳು ಎಲ್ಲಿಗೆ ಹೋದ್ರು?"

"ಇದ್ದವರು ತಮ್ಮ ಮಕ್ಕಳನ್ನ ಪಟ್ಟಣದ ಸಾಲಿ ವ್ಯಾನಿಗೆ ಹತ್ತಸ್ತಾರ. ಇಲ್ಲದವರು ಹೊಲಕ್ಕ ಕರಕೊಂಡು ಹೋಗ್ತಾರ. ನಾನು ಎಲ್ಲಾ ಕೊಟ್ಟೆ, ತಾತಾ. ಒಬ್ಬರೂ ತಿರುಗಿ ನೋಡಲಿಲ್ಲ."

"ಏನೇನು ಕೊಟ್ಟಿ?"

"ಬಣ್ಣ, ಬೆಂಚು, ಪುಸ್ತಕ, ಚೀಲ."

"ಆ ಸಾಲಿ ಹತ್ತಿರ ನೀ ಏನು ಕೇಳಿದಿ?"

ಅಮರೇಶನಿಗೆ ಪ್ರಶ್ನೆ ತಿಳಿಯಲಿಲ್ಲ. "ನಾನ್ಯಾಕ ಕೇಳಲಿ? ಅದರ ಹತ್ತಿರ ಏನೈತಿ?"

ತಾತ ಎದ್ದು ಮಂಟಪದ ದೀಪ ಹಚ್ಚಿದರು.

"ನಿಮ್ಮ ಭಕ್ತರೊಳಗ ದೊಡ್ಡ ದೊಡ್ಡವರು ಅದಾರ," ಎಂದ ಅಮರೇಶ. "ನೀವು ಒಂದು ಮಾತು ಹೇಳಿದ್ರ ಸಾಲಿ ಉಳೀತದ."

"ನನ್ನ ಮಾತಿನಿಂದ ಉಳಿದಿದ್ದು ನಾ ಇರೋತನಕ ಉಳೀತದ," ಎಂದರು ತಾತ. "ಮುಂಜಾನೆ ಬಾ. ಎಲ್ಲಿಗೋ ಹೋಗೋದೈತಿ."

ಮುಂಜಾನೆ ಅಮರೇಶ ಬಂದಾಗ ತಾತ ಸ್ನಾನ ಮಾಡಿ, ವಿಭೂತಿ ಧರಿಸಿ, ಕೈಯಲ್ಲಿ ಒಂದು ಸ್ಲೇಟು ಹಿಡಿದು ನಿಂತಿದ್ದರು.

ಇಬ್ಬರೂ ಉಸುಕಿನದೊಡ್ಡಿಯ ಶಾಲೆಗೆ ಬಂದರು. ಅಲ್ಲಿ ಇದ್ದದ್ದು ಒಬ್ಬರೇ ಶಿಕ್ಷಕಿ. ಹುಲಿಗೆಮ್ಮ ಟೀಚರ್. ತಾತನನ್ನು ಕಂಡು ಅವರು ಗಡಬಡಿಸಿ ತಮ್ಮ ಕುರ್ಚಿ ಒರೆಸಿದರು.

ತಾತ ಹೊಸಿಲಿನ ಹೊರಗೇ ನಿಂತರು.

"ಒಳಗ ಬರಲೇನ್ರಿ, ಟೀಚರ್?"

"ಅಯ್ಯೋ, ಬರ್ರಿ ತಾತಾರ. ಈ ಕುರ್ಚಿ ಮ್ಯಾಲೆ ಕುಂದರ್ರಿ."

"ಕುರ್ಚಿ ಕಲಿಸೋರದು. ನಾ ಕಲಿಯೋಕ ಬಂದೀನಿ. ಒಂದನೇ ತರಗತಿ ಎಲ್ಲಿ ಕುಂದರತದ?"

ಟೀಚರ್ ಅಮರೇಶನ ಮುಖ ನೋಡಿದರು. ಅಮರೇಶ ನೆಲ ನೋಡಿದ.

"ತಾತಾರ, ನಿಮಗ ನಾ ಹೆಂಗ ಕಲಿಸಲ್ರಿ?"

"ಈ ಕೂಸುಗಳಿಗೆ ಹೆಂಗ ಕಲಸ್ತೀರಿ, ಹಂಗ."

ತಾತ ಬೆಂಚುಗಳ ಮುಂದೆ ನೆಲದ ಮೇಲಿದ್ದ ಚಿಕ್ಕ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹುಲಿಗೆಮ್ಮ ಟೀಚರ್ ಹಲಗೆಯ ಮೇಲೆ 'ಅ' ಬರೆದರು. ಮೊದಲನೆಯದು ಸೊಟ್ಟಗಾಯಿತು. ಒರೆಸಿ, ನೆಟ್ಟಗೆ ಬರೆದರು.

ದಾರಿಯಲ್ಲಿ ಮರಳುವಾಗ ಅಮರೇಶನಿಗೆ ತಡೆಯಲಾಗಲಿಲ್ಲ.

"ತಾತಾ, ಊರು ನಗತದ."

"ನಗಲಿ. ನಗೋಕಾದ್ರೂ ಸಾಲಿ ಕಡೆ ನೋಡಬೇಕಲ್ಲ."

ಊರು ನಕ್ಕಿತು. ಕಿಟಕಿಯಲ್ಲಿ ಇಣುಕಿ ನಕ್ಕಿತು. ತಾತ ಬಳಪ ಹಿಡಿದು 'ಇ' ತಿದ್ದುವುದನ್ನು, ತಪ್ಪಾದಾಗ ಟೀಚರ್ ತಾತನ ಕೈ ಹಿಡಿದು ತಿದ್ದಿಸುವುದನ್ನು ನೋಡಿತು.

ಇಣುಕಿದವರಿಗೆ ಬೇರೆಯದೂ ಕಂಡಿತು. ಸೋರಿ ಕಪ್ಪಾದ ಮೂಲೆ ಕಂಡಿತು. ಐದೂ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಯಾರನ್ನೂ ಗದರದೆ ಕಲಿಸುತ್ತಿದ್ದ ಹೆಣ್ಣುಮಗಳು ಕಂಡಳು.

ಒಂದು ದಿನ ಟ್ರ್ಯಾಕ್ಟರಿನ ಯಮನೂರಪ್ಪ ಆಶೀರ್ವಾದಕ್ಕೆಂದು ಆಶ್ರಮಕ್ಕೆ ಹೋದ. ಅವನ ಇಬ್ಬರು ಮಕ್ಕಳೂ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗುವವರು. ಆಶ್ರಮದಲ್ಲಿ ತಾತ ಇರಲಿಲ್ಲ. ಹುಡುಕಿಕೊಂಡು ಶಾಲೆಗೆ ಬಂದು ಬಾಗಿಲಲ್ಲೇ ಕೈ ಮುಗಿದ.

"ಯಪ್ಪಾ, ನಿಮ್ಮಂಥೋರು ಇಲ್ಲಿ ಕುಂದರೋದಾ?"

"ಯಾಕಪ್ಪ, ಇಲ್ಲಿ ಏನು ಕಡಿಮೆ ಐತಿ?"

"ಸರ್ಕಾರಿ ಸಾಲಿ ಅಲ್ರಿ, ಯಪ್ಪಾ."

"ಹೌದು. ಸರ್ಕಾರ ಅಂದ್ರ ಯಾರು?"

ಯಮನೂರಪ್ಪ ತಲೆ ಕೆರೆದುಕೊಂಡ.

"ನನಗೂ ಗೊತ್ತಿಲ್ಲ," ಎಂದರು ತಾತ. "ಟೀಚರ್‌ನ ಕೇಳೂಣು, ಕುಂದರು."

ಅವನು ಕುಳಿತ. ಟೀಚರ್ ಅಂದು ಅದನ್ನೇ ಪಾಠ ಮಾಡಿದರು. ಸರ್ಕಾರ ಅಂದರೆ ನಾವೇ ಎಂದು ಮಕ್ಕಳ ಜೊತೆ ಯಮನೂರಪ್ಪನೂ ಹೇಳಿದ. ಮುಂದಿನ ವಾರ ಅವನ ಮನೆಯ ಮುಂದೆ ವ್ಯಾನು ನಿಲ್ಲಲಿಲ್ಲ. ಮಕ್ಕಳಿಬ್ಬರೂ ನಡೆದು ಶಾಲೆಗೆ ಬಂದರು.

ಅಮರೇಶ ಇದನ್ನೆಲ್ಲ ನೋಡುತ್ತಿದ್ದ. ಒಂದು ಮಧ್ಯಾಹ್ನ ಏಣಿ ತಂದು ಶಾಲೆಯ ಬಾಗಿಲ ಮೇಲಿದ್ದ ಆಶ್ರಮದ ಫಲಕ ಇಳಿಸಿದ.

ತಾತ ಬಂದು ಏಣಿ ಹಿಡಿದುಕೊಂಡರು. ಅವನೇ ಹೇಳಿದ.

"ನಾನು ಭಿಕ್ಷೆ ಹಾಕಿದಂಗ ಹಾಕಿದೆ, ತಾತಾ. ಭಿಕ್ಷೆ ಬೇಡೋರ ಮನಿಗೆ ಮಕ್ಕಳನ್ನ ಯಾರು ಕಳಸ್ತಾರ?"

"ಈಗ ಏನು ಮಾಡ್ತಿ?"

"ಬೇಡತೀನಿ."

ಅಂದಿನಿಂದ ಅಮರೇಶ ಮತ್ತು ಅವನ ಸಂಸ್ಥೆಯವರು ಊರಿನ ಮನೆಮನೆಯ ಮುಂದೆ ನಿಂತರು. ಏನನ್ನೂ ಕೊಡಲಿಲ್ಲ. ಕೇಳಿದರು.

ಮನೆ ಕಟ್ಟುವ ಗೌಂಡಿಯನ್ನು ಕೇಳಿದರು: "ಸಾಲಿ ಮಾಳಿಗೆ ಸೋರ್ತದ. ನೀ ನೋಡತೀ ಏನು?" ಕೂಲಿಗೆ ಹೋಗುವ ತಾಯಂದಿರನ್ನು ಕೇಳಿದರು: "ವಾರಕ್ಕೊಮ್ಮೆ ಒಬ್ಬೊಬ್ಬರು ಬಂದು ಮಕ್ಕಳಿಗೆ ಒಂದು ಹಾಡು, ಒಂದು ಕಥೆ ಹೇಳತೀರೇನು? ನಮ್ಮ ಪುಸ್ತಕದಾಗ ನಿಮ್ಮ ಕಥೆ ಇಲ್ಲ." ಯಮನೂರಪ್ಪನನ್ನು ಕೇಳಿದರು. ಅವನು ಟ್ರ್ಯಾಕ್ಟರಿನಲ್ಲಿ ಕಲ್ಲು ಮಣ್ಣು ಹೇರಿ ತಂದ. ಹೆಣ್ಣುಮಕ್ಕಳಿಗೆ ಶೌಚಾಲಯದ ಗೋಡೆ ಎದ್ದಿತು.

ಅದುವರೆಗೆ ಯಾರೂ ಏನನ್ನೂ ಕೇಳಿರದ ಊರು ಅದು. ಕೇಳಿದ ಮೇಲೆ ಎದೆಯುಬ್ಬಿಸಿ ನಿಂತಿತು. ಹೊಲಕ್ಕೆ ಹೋಗುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಶಾಲೆಗೆ ಬಂದರು. ಅವರನ್ನು ಕರೆತಂದವರು ಕಥೆ ಹೇಳಲು ಬರುತ್ತಿದ್ದ ಅವರ ತಾಯಂದಿರೇ.

ಮಳೆಗಾಲಕ್ಕೆ ಮುಂಚೆ ಶಿಕ್ಷಣ ಇಲಾಖೆಯ ಅಧಿಕಾರಿ ಬಂದರು. ಶಾಲೆ ಮುಚ್ಚುವ ಮುನ್ನ ಒಮ್ಮೆ ನೋಡಬೇಕಿತ್ತು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಂಗಳದ ಮರದ ಕೆಳಗೂ ಒಂದು ತರಗತಿ ಕುಳಿತಿತ್ತು. ಬಾಗಿಲಲ್ಲಿ ಊರಿನ ಹೆಂಗಸರು ನಿಂತಿದ್ದರು.

"ಇಲ್ಲಿ ಮಕ್ಕಳಿಲ್ಲ ಅಂತ ಹೇಳಿದ್ರಲ್ಲ?" ಎಂದರು ಅಧಿಕಾರಿ.

"ಇದ್ದಿಲ್ರಿ, ಸಾಹೇಬ್ರ," ಎಂದಳು ಒಬ್ಬ ತಾಯಿ. "ಅವಾಗ ನಾವೂ ಇದ್ದಿಲ್ಲ."

ಅಧಿಕಾರಿ ಒಂದು ಹುಡುಗಿಗೆ ಪುಸ್ತಕ ಕೊಟ್ಟು ಓದಿಸಿದರು. ಅವಳು ನಿಲ್ಲದೆ ಓದಿದಳು. ಪಕ್ಕದಲ್ಲಿ ಕುಳಿತಿದ್ದ ತಾತನ ಕಡೆ ತಿರುಗಿ ಅಧಿಕಾರಿ ಕೈ ಮುಗಿದರು.

"ತಾವು ಮಕ್ಕಳಿಗೆ ಆಶೀರ್ವಾದ ಮಾಡೋಕೆ ಬಂದೀರೇನ್ರಿ?"

"ಇಲ್ಲಪ್ಪ. ಮುಂದಿನ ಸಾಲು ನಂದು," ಎಂದರು ತಾತ. ಅದೇ ಪುಸ್ತಕ ತೆಗೆದುಕೊಂಡರು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಒಂದು ಸಾಲು ಓದಿ ಮುಗಿಸಿದರು. ಬೆವರು ಒರೆಸಿಕೊಂಡರು.

ಕೋಣೆಯಲ್ಲಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹುಲಿಗೆಮ್ಮ ಟೀಚರ್ ಹಲಗೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶಾಲೆ ಮುಚ್ಚಲಿಲ್ಲ. ಮಳೆ ಬಂತು. ಹಳ್ಳ ಬಂತು. ಆ ವರ್ಷ ಯಾವ ಹುಡುಗಿಯೂ ಅದನ್ನು ದಾಟಬೇಕಾಗಲಿಲ್ಲ. ಮಳೆ ನಿಲ್ಲುವಷ್ಟರಲ್ಲಿ ಇನ್ನೊಬ್ಬ ಶಿಕ್ಷಕರೂ ಬಂದರು.

ಮರುವರ್ಷ ತಾಲ್ಲೂಕಿನಲ್ಲಿ ದೊಡ್ಡ ಸಭೆ ನಡೆಯಿತು. ಹಳ್ಳಿ ಶಾಲೆಗಳಿಗೆ ದುಡಿಯುವ ಸಂಸ್ಥೆಗಳವರು, ಮಠಾಧೀಶರು, ದಾನಿಗಳು ಸೇರಿದ್ದರು. ಉಸುಕಿನದೊಡ್ಡಿಯಿಂದ ಅರ್ಧ ಊರೇ ಬಂದಿತ್ತು. ಎಲ್ಲರೂ ತೊಳೆದ ಬಟ್ಟೆ ಉಟ್ಟು, ತಲೆಯೆತ್ತಿ ಒಟ್ಟಿಗೆ ಕುಳಿತಿದ್ದರು.

ನಿರೂಪಕರು ಅಮರೇಶನನ್ನು ವೇದಿಕೆಗೆ ಕರೆದು, ಆ ಶಾಲೆಯನ್ನು ಉಳಿಸಿದ್ದು ಹೇಗೆಂದು ಕೇಳಿದರು.

"ಉಳಿಸಿದೋರು ಅಲ್ಲಿ ಕುಂತಾರ್ರಿ," ಎಂದು ಅಮರೇಶ ಊರಿನವರ ಕಡೆ ಕೈ ತೋರಿಸಿದ. ಯಮನೂರಪ್ಪ ಪೇಟ ಸರಿಮಾಡಿಕೊಂಡ. ಹೆಂಗಸರು ನಾಚಲಿಲ್ಲ.

ಆಮೇಲೆ ತಾತನನ್ನು ವೇದಿಕೆಯ ಮೇಲೆ ಎತ್ತರದ ಪೀಠದಲ್ಲಿ ಕೂರಿಸಿದರು. ಪರಿಚಯ ಹೇಳಬೇಕಿದ್ದ ನಿರೂಪಕರು ಕಿವಿಯ ಬಳಿ ಬಗ್ಗಿ, ಮೈಕು ಹಿಡಿದು ಕೇಳಿದರು.

"ಪೂಜ್ಯರೇ, ತಮ್ಮದು ಯಾವ ಪರಂಪರೆ? ತಮ್ಮ ಗುರುಗಳು ಯಾರು?"

ತಾತ ಪೀಠದಿಂದ ಎದ್ದು ನಿಂತರು.

"ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಉಸುಕಿನದೊಡ್ಡಿ. ನಮ್ಮ ಗುರುಗಳು ಹುಲಿಗೆಮ್ಮ ಟೀಚರ್. ಅಗೋ, ಅಲ್ಲಿ ಕಂಬದ ಹತ್ತಿರ ನಿಂತಾರ. ಮೊದಲು ಅವರಿಗೊಂದು ಕುರ್ಚಿ ಹಾಕ್ರಿ, ಆಮೇಲೆ ನಾ ಕುಂದರತೀನಿ."