ಏರಿಯ ತಮಟೆ

ಊರಿಗೆ ಹೋಗಿ ಬಂದ ಶಿಷ್ಯನೊಬ್ಬ ಗುರುವಿನ ಎದುರು ಕುಳಿತು ಕೇಳಿದ: “ಗುರುಗಳೇ, ನಮ್ಮ ಊರಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಬಲಾತ್ಕಾರವಾಯಿತು. ಅಂದಿನಿಂದ ಹೆಂಗಸರು ಗಂಡಸರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ನಾನು ಎದುರಿಗೆ ಬಂದರೂ ದಾರಿ ಬದಲಿಸುತ್ತಾರೆ. ನಾನು ಯಾರ ತಂಟೆಗೂ ಹೋದವನಲ್ಲ. ಮಾಡದ ತಪ್ಪಿಗೆ ನಾನೇಕೆ ತಲೆ ತಗ್ಗಿಸಬೇಕು?”

ಗುರುಗಳು ನಿಟ್ಟುಸಿರು ಬಿಟ್ಟರು. ಈ ಪ್ರಶ್ನೆಯನ್ನು ಎಷ್ಟೋ ಗಂಡಸರ ಬಾಯಿಂದ ಕೇಳಿ ಅವರಿಗೆ ಸಾಕಾಗಿತ್ತು. ನೊಂದವಳು ಈಗ ಹೇಗಿದ್ದಾಳೆ ಎಂಬ ಮಾತಿನಿಂದ ಶುರುಮಾಡಿದವನನ್ನು ಮಾತ್ರ ಅವರು ಇನ್ನೂ ಕಂಡಿರಲಿಲ್ಲ. ಆದರೂ ಶಿಷ್ಯನನ್ನು ಎಬ್ಬಿಸಿ ಕಳಿಸದೆ ಒಂದು ಕತೆ ಹೇಳಿದರು.

ಒಂದು ಊರಿತ್ತು. ಊರಿನ ನೆತ್ತಿಯ ಮೇಲೆ ದೊಡ್ಡ ಕೆರೆ. ಏರಿ ಒಡೆದರೆ ಊರಿಗೆ ಊರೇ ಕೊಚ್ಚಿಹೋಗುವಂಥ ಜಾಗ. ಆದ್ದರಿಂದ ಹಿಂದಿನವರು ಅಲ್ಲಿ ಒಂದು ಕಟ್ಟುಪಾಡು ಮಾಡಿದ್ದರು. ಏರಿಯಲ್ಲಿ ನೀರು ಜಿನುಗುವುದನ್ನು ಯಾರು ಕಂಡರೂ ಚಾವಡಿಯ ತಮಟೆ ಬಾರಿಸಬೇಕು. ತಮಟೆ ಕೇಳಿದೊಡನೆ ಮನೆಗೊಬ್ಬ ಗಂಡಾಳು ಗುದ್ದಲಿ, ಬುಟ್ಟಿ ಹಿಡಿದು ಓಡಬೇಕು. ಬಾರದ ಮನೆಗೆ ಆ ಬೆಳೆಗೆ ಕೆರೆಯ ನೀರಿಲ್ಲ. ಸುಳ್ಳೇ ತಮಟೆ ಬಾರಿಸಿದ ಮನೆಗೂ ಇಲ್ಲ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಒಳ್ಳೆಯವನು. ತಮಟೆ ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಏಳುವವನು. ಏರಿಗೆ ತೂತು ಕೊರೆದದ್ದು ಏಡಿಯೋ ಹೆಗ್ಗಣವೋ, ನೀರು ಯಾರ ಗದ್ದೆಗೆ ನುಗ್ಗುತ್ತದೋ, ಅವನು ಒಮ್ಮೆಯೂ ವಿಚಾರಿಸಿದವನಲ್ಲ. ತೂತು ಕೊರೆದವನು ನಾನಲ್ಲ ಎಂದು ಮನೆಯಲ್ಲಿ ಕುಳಿತವನಂತೂ ಅಲ್ಲವೇ ಅಲ್ಲ.

ಅವನಿಗೆ ಬೆಳೆದ ಮಗಳೊಬ್ಬಳಿದ್ದಳು. ಅವಳು ನೆರೆಮನೆಯ ಸೊಸೆಯ ಜೊತೆ ದಿನವೂ ಏರಿಯ ಮೇಲೆ ನಡೆದು ಆಚೆ ದಡದ ಗದ್ದೆಗಳಿಗೆ ಕಳೆ ಕೀಳಲು ಹೋಗುತ್ತಿದ್ದಳು. ದಾರಿಯಲ್ಲಿ ತೂಬಿನ ಬಳಿ ಒಬ್ಬ ಗಂಡಸು ಕೂರುತ್ತಿದ್ದ. ಹೋಗಿ ಬರುವ ಹೆಂಗಸರ ಮೈಯ ಬಗ್ಗೆ ಹೊಲಸು ಮಾತಾಡುತ್ತಿದ್ದ. ಸಂಜೆ ಅದನ್ನೇ ಅರಳಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದ. ರೈತನೂ ನಗುತ್ತಿದ್ದ. ಅವನ ಬಾಯಿ ಹಾಗೆ, ಮನಸ್ಸು ಒಳ್ಳೆಯದು ಎನ್ನುತ್ತಿದ್ದ, ಆ ಮನಸ್ಸಿನೊಳಗೆ ಹೊಕ್ಕು ನೋಡಿ ಬಂದವನ ಹಾಗೆ.

ಒಂದು ದಿನ ಆ ಮನುಷ್ಯ ನೆರೆಮನೆಯವಳ ಸೆರಗು ಹಿಡಿದು ಎಳೆದ. ದೂರು ಬಂತು. ಇನ್ನು ಮುಂದೆ ಹೆಂಗಸರು ಒಂಟಿಯಾಗಿ ಓಡಾಡಬಾರದು ಎಂದು ಹಿರಿಯರು ತೀರ್ಪು ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನೀನು ತೂಬಿನ ಬಳಿ ಕೂರಬೇಡ ಎಂದು ಅವನಿಗೆ ಹೇಳಲು ಯಾರಿಗೂ ನಾಲಿಗೆ ಏಳಲಿಲ್ಲ. ಊರ ಉಸಾಬರಿ ನನಗೇಕೆ ಎಂದುಕೊಂಡು ರೈತನೂ ಸುಮ್ಮನಿದ್ದ.

ಮಗಳು ಕಾಲಿಗೆ ಮುಳ್ಳು ಚುಚ್ಚಿಕೊಂಡು ಮನೆಯಲ್ಲಿ ಉಳಿದ ದಿನ ನೆರೆಮನೆಯವಳು ಒಬ್ಬಳೇ ಗದ್ದೆಗೆ ಹೋದಳು. ಹಾಡಹಗಲಲ್ಲಿ ಅವನು ಅವಳನ್ನು ಕೆರೆಯಂಚಿನ ಜೊಂಡಿನೊಳಗೆ ಎಳೆದೊಯ್ದು ಅತ್ಯಾಚಾರ ಮಾಡಿದ. ಅವಳು ಹರಿದ ಸೀರೆಯಲ್ಲೇ ಚಾವಡಿಗೆ ಬಂದು ಅವನ ಹೆಸರು ಹೇಳಿದಳು. ಒಬ್ಬಳೇ ಏಕೆ ಹೋದೆ, ಏಕೆ ಕೂಗಿಕೊಳ್ಳಲಿಲ್ಲ ಎಂದು ಕೂಡಿದ ಗಂಡಸರು ಅವಳನ್ನೇ ಕೇಳಿದರು. ಅವನನ್ನು ಕರೆಸಿ ಏನೂ ಕೇಳಲಿಲ್ಲ. ನಾಲ್ಕು ದಿನ ಹೋಗಲಿ, ಆಮೇಲೆ ನೋಡೋಣ ಎಂದು ಎದ್ದರು.

ಅಲ್ಲೇ ಕುಳಿತಿದ್ದ ರೈತನಿಗೆ ಸಂಕಟವಾಯಿತು. ಸುಳ್ಳಲ್ಲ, ನಿಜವಾಗಿಯೂ ಆಯಿತು. ಆದರೆ ಆ ಸಂಕಟದಲ್ಲಿ ಅವನು ಮಾಡಿದ್ದು ಒಂದೇ ಕೆಲಸ. ಮನೆಗೆ ಬಂದು, ನಾಳೆಯಿಂದ ಮಗಳು ಹೊಸಿಲು ದಾಟಕೂಡದು ಎಂದು ಅಪ್ಪಣೆ ಮಾಡಿದ. ಚಾವಡಿಯಲ್ಲಿ ನೀವೇನು ಮಾತಾಡಿದಿರಿ ಎಂದು ಹೆಂಡತಿ ಕೇಳಿದಳು. ತಪ್ಪು ಮಾಡಿದವನು ನಾನಲ್ಲವಲ್ಲ, ನಾನೇನು ಮಾತಾಡಲಿ ಎಂದು ಅವನು ಮುಖ ತಿರುಗಿಸಿದ.

ಮರುದಿನ ಬೆಳಿಗ್ಗೆ ತಮಟೆ ಕೇಳಿಸಿತು. ರೈತ ಎಲ್ಲರಿಗಿಂತ ಮೊದಲು ಏರಿಗೆ ಓಡಿದ. ಹಿಂದೆಯೇ ಊರಿನ ಗಂಡಸರೆಲ್ಲ ಬಂದರು. ಆ ಮನುಷ್ಯನೂ ತನ್ನ ಮನೆಯ ಬುಟ್ಟಿ ಹಿಡಿದು ಬಂದು ರೈತನ ಪಕ್ಕದಲ್ಲೇ ನಿಂತ. ಕಟ್ಟುಪಾಡಿಗೆ ಅವನು ಎಂದೂ ತಪ್ಪಿದವನಲ್ಲ. ಚಾವಡಿಯ ತಮಟೆಯನ್ನು ಏರಿಗೇ ತಂದು ನಿಂತವಳು ರೈತನ ಹೆಂಡತಿ. ಅವಳ ಜೊತೆಗೆ ನೆರೆಮನೆಯವಳು. ಎಲ್ಲಿ ಸೋರುತ್ತಿದೆ ಎಂದು ಎಲ್ಲರೂ ಕೇಳಿದರು.

“ಏರಿ ಗಟ್ಟಿಯಾಗಿದೆ,” ಎಂದಳು ಹೆಂಡತಿ. “ಇವಳನ್ನು ಹಾಳುಮಾಡಿದವನು ನಿಮ್ಮ ನಡುವೆಯೇ ಬುಟ್ಟಿ ಹಿಡಿದು ನಿಂತಿದ್ದಾನೆ. ಮನೆಗೊಬ್ಬರು ಬಂದಿದ್ದೀರಿ. ಅವನನ್ನು ಹಿಡಿಯಿರಿ.”

ಗಂಡಸರಿಗೆಲ್ಲ ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಬಂದದ್ದು ಅವನ ಮೇಲಲ್ಲ. ಏರಿ ಸೋರದೆ ತಮಟೆ ಬಾರಿಸುವುದೆಂದರೇನು, ನಾಳೆ ನಿಜವಾಗಿ ಸೋರಿದರೆ ಯಾರು ನಂಬುತ್ತಾರೆ ಎಂದು ಬಿಸಿಲೇರುವ ತನಕ ವಾದ ಮಾಡಿದರು. ಚಾವಡಿಯಲ್ಲಿ ಬಾಯಿ ಬಿಡದವರೂ ಇಲ್ಲಿ ಬಾಯಿ ಬಿಟ್ಟರು. ಆ ಮನುಷ್ಯನೂ ಕಟ್ಟುಪಾಡು ಮೀರಬಾರದು ಎಂದು ತಲೆಯಾಡಿಸಿದ. ಅವನ ಮೊಣಕೈ ರೈತನ ಮೊಣಕೈಗೆ ತಾಗುತ್ತಿತ್ತು. ಕೈ ಚಾಚುವುದೂ ಬೇಕಿರಲಿಲ್ಲ, ಹಿಡಿದರೆ ಸಾಕಿತ್ತು. ರೈತ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟ.

ಆ ಬೆಳೆಗೆ ರೈತನ ಗದ್ದೆಗೆ ನೀರು ಬಿಡಲಿಲ್ಲ. ಮಾಡದ ತಪ್ಪಿಗೆ ದಂಡ ತೆತ್ತೆ ಎಂದು ಅವನು ಕಂಡಕಂಡವರ ಮುಂದೆ ಹೇಳಿಕೊಂಡ. ನೆರೆಮನೆಯವಳು ತವರಿಗೆ ಹೋದವಳು ಮರಳಿ ಬರಲಿಲ್ಲ. ತೂಬಿನ ಬಳಿ ಕೂರುವವನು ಅಲ್ಲೇ ಕೂರುತ್ತಿದ್ದ.

ರೈತನ ಮಗಳು ಮಾತ್ರ ತಂದೆಯ ಜೊತೆ ಮಾತು ಬಿಟ್ಟಳು. ಅನ್ನ ಬಡಿಸುವಳು, ಒಳಗೆ ಹೋಗುವಳು. ಬಹಳ ದಿನ ತಡೆದುಕೊಂಡ ರೈತ ಒಮ್ಮೆ ಅವಳನ್ನು ನಿಲ್ಲಿಸಿ, ನೀನೂ ನನ್ನನ್ನು ಅಂಥವನೆಂದು ತಿಳಿದೆಯಾ ಎಂದು ಕೇಳಿದ.

“ಇಲ್ಲ ಅಪ್ಪ, ನೀನು ಅಂಥವನಲ್ಲ,” ಎಂದಳು ಮಗಳು. “ಆದರೆ ನಾಳೆ ನನಗೇ ಹಾಗಾದರೆ ನಿನ್ನ ಹತ್ತಿರ ಬಂದು ಹೇಳುವುದಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಕೆಂಪಾಗಿತ್ತು. ಅಂಥ ಪಾಪಿಯನ್ನು ಊರಿಗೆ ಊರೇ ಹೇಗೆ ಸಹಿಸಿತು ಎಂದು ಅವನು ಹಲ್ಲು ಕಡಿದ. ಆ ನೀಚನ ಹೆಸರೇನು ಗುರುಗಳೇ ಎಂದು ಕೇಳಿದ.

“ಕತೆಯವನ ಹೆಸರು ಕಟ್ಟಿಕೊಂಡು ನಿನಗೇನಾಗಬೇಕು, ನಿನ್ನ ಊರಿನವನ ಹೆಸರು ಹೇಳು.”