ನಾಲ್ಕು ಬೆರಳಿನ ಅಚ್ಚು

“ಮೇಡಂ, ಜಳ್ಳನ್ನು ಅಳಿಸಿಬಿಡಲಾ?”

ಕಸ್ತೂರಿ ಬಾಗಿಲಲ್ಲಿ ನಿಂತೇ ಕೇಳಿದಳು. ವಿಶಾಲಾಕ್ಷಿ ಮೇಡಂ ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಅಳಿಸು ಅಂದವರು ಯಾರು?”

“ಕಂಪ್ಯೂಟರ್ ಕೋಣೆಯ ರುದ್ರಮುನಿ ಸರ್. ಜಾಗ ತುಂಬಿದೆಯಂತೆ. ಐದು ಗಂಟೆಯೊಳಗೆ ನಾನು ಖಾಲಿ ಮಾಡದಿದ್ದರೆ ಅವರೇ ಮಾಡ್ತಾರಂತೆ. ‘ನಿಮ್ಮ ಕಸಕ್ಕೆ ನಾನೆಷ್ಟು ದಿನ ಮನೆ ಕೊಡಲಿ ತಾಯಿ’ ಅಂತ ಕೈ ಬೇರೆ ಮುಗಿದರು.”

“ಕೈ ಮುಗಿಯುವ ಗಂಡಸರ ಮಾತನ್ನು ಎರಡು ಸಲ ಯೋಚಿಸಿ ಕೇಳಬೇಕು. ಕೂತ್ಕೋ.”

ಕಸ್ತೂರಿ ಕೂತಳು. ಅವಳ ನಾಲ್ಕು ವರ್ಷ ಒಂದೇ ವಸ್ತುವಿನ ಹಿಂದೆ ಹೋಗಿತ್ತು. ಕರುಗಳಿಗೆ ಜ್ವರ ತರುವ ಒಂದು ವೈರಸ್ಸು. ಅದರ ಹೊರಮೈ ಮೇಲೆ ಮುಳ್ಳಿನಂತೆ ನಿಂತಿರುವ ಪ್ರೋಟೀನು. ಆ ಮುಳ್ಳಿನಿಂದಲೇ ವೈರಸ್ಸು ಜೀವಕೋಶವನ್ನು ಹಿಡಿಯುತ್ತದೆ. ಮುಳ್ಳಿನ ಆಕಾರ ತಿಳಿದರೆ ಹಿಡಿತ ಬಿಡಿಸುವ ದಾರಿ ಹುಡುಕಬಹುದು.

ಅದಕ್ಕೆಂದು ಮುಳ್ಳುಗಳನ್ನು ಹನಿ ನೀರಿನಲ್ಲಿ ಬಿಟ್ಟು, ಕಣ್ಣು ಮಿಟುಕಿಸುವಷ್ಟರಲ್ಲಿ ಆ ನೀರನ್ನು ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಕಾಣುವುದು ಮುಳ್ಳಲ್ಲ. ಮಸಿ ಒರೆಸಿದ ಬಟ್ಟೆಯಂಥ ಒಂದು ಕಲೆ. ಒಂದು ಚಿತ್ರದಿಂದ ಏನೂ ತಿಳಿಯದು. ಲಕ್ಷಗಟ್ಟಲೆ ಚಿತ್ರ ತೆಗೆದು ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಎಲ್ಲದರಲ್ಲೂ ಇರುವುದು ಉಳಿಯುತ್ತದೆ, ಮಸಿ ಕರಗುತ್ತದೆ, ಆಕಾರ ಏಳುತ್ತದೆ.

ಕೂರಿಸುವುದಕ್ಕೆ ಮೊದಲು, ಮುಳ್ಳು ಹೀಗಿರಬಹುದು ಎಂದು ತೋರಿಸುವ ಒಂದು ಅಚ್ಚು ಬೇಕು. ಅಚ್ಚಿಗೆ ಕೂತ ಚಿತ್ರಗಳಿಗೆ ಕಸ್ತೂರಿ ‘ಕಾಳು’ ಎಂದು ಹೆಸರಿಟ್ಟಿದ್ದಳು. ಕೂರದವು ‘ಜಳ್ಳು’. ಈಗ ಇಡೀ ಪ್ರಯೋಗಾಲಯ ಹಾಗೆಯೇ ಕರೆಯುತ್ತಿತ್ತು.

ಒಂಬತ್ತು ಲಕ್ಷ ಚಿತ್ರಗಳಲ್ಲಿ ಮೂರು ಲಕ್ಷ ಕಾಳು. ಅದರಿಂದ ಎದ್ದ ಮುಳ್ಳು ಮೂರು ತೋಳುಗಳನ್ನು ಎದೆಗೆ ಮಡಚಿಕೊಂಡು ನಿಂತಿತ್ತು. ಸ್ಪಷ್ಟ, ಸುಂದರ. ಆರು ವರ್ಷದ ಹಿಂದೆ ಬೇರೆ ದೇಶದವರು ಪ್ರಕಟಿಸಿದ್ದೂ ಇದನ್ನೇ. ನಾಲ್ಕು ವರ್ಷ ನಡೆದು ಹೋದರೆ, ಇನ್ನೊಬ್ಬರು ಆಗಲೇ ಚಾಪೆ ಹಾಸಿ ಮಲಗಿದ್ದ ಜಗಲಿಗೆ ಬಂದು ಮುಟ್ಟಿದಂತಾಗಿತ್ತು. ಆದರೂ ಒಂದು ಕಡೆ, ಮುಳ್ಳಿನ ಭುಜದ ಹತ್ತಿರ, ಚೂರು ಮಬ್ಬಿತ್ತು. ಎಷ್ಟು ಒರೆಸಿದರೂ ಹೋಗದ ಮಬ್ಬು. ಅದೇ ಅವಳನ್ನು ಈ ಬಾಗಿಲಿಗೆ ತಂದಿತ್ತು.

“ಅಚ್ಚು ಯಾವುದಿಟ್ಟೆ?” ಎಂದರು ಮೇಡಂ.

“ಹಳೇದೇ ಮೇಡಂ, ಆ ಹೊರದೇಶದವರದ್ದು. ಎಲ್ಲರೂ ಅದನ್ನೇ ಇಡೋದು.”

“ಜಳ್ಳಿನಲ್ಲಿ ಏನಿದೆ?”

“ಮಂಜುಗಡ್ಡೆ ಚೂರು. ಮುರಿದ ಮುಳ್ಳು. ಏನೂ ಇಲ್ಲದವು.”

“ನೋಡಿದೆಯಾ?”

“ಅಚ್ಚಿಗೆ ಕೂರಲಿಲ್ಲವಲ್ಲ ಮೇಡಂ. ಮತ್ತೆ ನೋಡೋದೇನು?”

ಮೇಡಂ ಹಣ್ಣನ್ನು ಎರಡು ಹೋಳು ಮಾಡಿ ಒಂದನ್ನು ಅವಳ ಕೈಗಿಟ್ಟರು. ನಾಲ್ಕು ದೇಶಗಳ ಚಳಿ ಉಂಡು ಬಂದ ಹೆಂಗಸು ಅವರು. ಬೈಯುವ ಮೊದಲು ತಿನ್ನಲು ಕೊಡುವುದನ್ನು ಎಲ್ಲಿ ಕಲಿತಿದ್ದರೋ. ಕಸ್ತೂರಿ ಬೈಗುಳಕ್ಕೆ ಸಿದ್ಧಳಾದಳು. ಬೈಗುಳ ಬರಲಿಲ್ಲ. ಮೇಡಂ ಹೇಳಿದರು:

ಒಂದೂರಿನಲ್ಲಿ ಒಬ್ಬ ಗಾರೆಯವಳಿದ್ದಳು. ಊರವರ ಮನೆಗೆಲ್ಲ ನೆಲ ಹಾಕಿ, ಮಿಕ್ಕ ಸುಣ್ಣ ಮರಳಿನಲ್ಲಿ ಕೊನೆಗೊಂದು ದಿನ ತನ್ನ ಅಂಗಳಕ್ಕೂ ನೆಲ ಹಾಕಿದಳು. ಹಸಿ ಗಾರೆಯ ಮೇಲೆ ಆರು ವರ್ಷದ ಮಗಳು ಕಾಲಿಟ್ಟಳು. ತಾಯಿ ಗದರಿದಳು. ಮಗು ಹಿಂದಕ್ಕೆ ಹಾರಿತು. ಒಂದೇ ಒಂದು ಹೆಜ್ಜೆ ಮೂಡಿತ್ತು. ಮಗುವಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ತಾಯಿಯದೂ ಹಾಗೆಯೇ, ಅವರ ಮನೆತನದ ಕಾಲೇ ಹಾಗೆ. ಅದರಿಂದ ಅಚ್ಚಿನಲ್ಲಿ ನಾಲ್ಕೇ ಬೆರಳು. ನಾಳೆ ಕರಣೆ ಆಡಿಸಿ ಸರಿಮಾಡಿದರಾಯಿತು ಎಂದು ತಾಯಿ ಬಿಟ್ಟಳು.

ಮರುದಿನ ಬೆಳಿಗ್ಗೆ ಹೊಳೆ ದಾಟುವಾಗ ದೋಣಿ ಮಗುಚಿತು. ತಾಯಿ ದಡ ಸೇರಿದಳು. ಮಗುವನ್ನು ಕೆಳಗಿನ ದಡದಲ್ಲಿ ಯಾರೋ ಎತ್ತಿಕೊಂಡು ಹೋದರಂತೆ ಎಂಬ ಮಾತು ಬಂತು. ಮಗು ಬರಲಿಲ್ಲ. ಅಚ್ಚು ಗಟ್ಟಿಯಾಯಿತು.

ಗಾರೆಯವಳು ಊರೂರಿಗೆ ಹೇಳಿ ಕಳಿಸಿದಳು. ಹೊಳೆಯಲ್ಲಿ ಸಿಕ್ಕ ಹುಡುಗಿಯರು ಒಬ್ಬೊಬ್ಬರೇ ಬಂದರು. ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಿದ್ದಳು. ಅದು ಅತಿಥಿಗೆ ಸಲ್ಲುವ ಮರ್ಯಾದೆಯೂ ಹೌದು, ಅಚ್ಚಿಗೆ ದೂಳು ತಾಗದಿರಲಿ ಎಂಬ ಎಚ್ಚರವೂ ಹೌದು. ಆಮೇಲೆ ಅವರ ಕಾಲನ್ನು ಅಚ್ಚಿನಲ್ಲಿ ಇಡಿಸುತ್ತಿದ್ದಳು. ಬಗ್ಗಿ, ಅಚ್ಚಿನ ಅಂಚನ್ನೇ ನೋಡುತ್ತಿದ್ದಳು. ಕೂರದಿದ್ದರೆ ಊಟ ಹಾಕಿ, ತಲೆ ಸವರಿ, ಕಳಿಸುತ್ತಿದ್ದಳು.

ವರ್ಷಗಳು ಹೋದವು. ನೆಲ ಬಿರಿದಾಗ ಸುತ್ತಲೂ ಹೊಸ ಗಾರೆ ಮೆತ್ತಿದಳು, ಅಚ್ಚನ್ನು ಮುಟ್ಟಲಿಲ್ಲ. ಕಾಲು ಸರಿಯಾಗಿ ಕೂತವರು ಮೂವರು. ಮೂವರಿಗೂ ಬೇರೆ ತಾಯಂದಿರಿದ್ದರು. ಹುಡುಕಿಕೊಂಡು ಬಂದು ಕರೆದೊಯ್ದರು.

ಒಂದು ಮಧ್ಯಾಹ್ನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಎದೆಯುದ್ದ ಬೆಳೆದ ಹೆಣ್ಣು, ತಾನೂ ಹೊಳೆಯಲ್ಲಿ ಸಿಕ್ಕವಳು ಎಂದಳು. ಗಾರೆಯವಳು ಚೊಂಬಿನಿಂದ ಅವಳ ಕಾಲಿಗೆ ನೀರೆರೆದಳು. ಅರ್ಧ ನೀರು ತನ್ನ ಕಾಲ ಮೇಲೂ ಬಿತ್ತು. ಅವಳು ಅಚ್ಚಿನಲ್ಲಿ ಕಾಲಿಟ್ಟಳು. ಬೆರಳೆಲ್ಲ ಆಚೆ ಉಳಿದವು.

“ಕೂರಲಿಲ್ಲ ಮಗಾ,” ಎಂದಳು ಗಾರೆಯವಳು. “ನೀನಲ್ಲ. ಉಂಡು ಹೋಗು.”

“ಊಟ ಬೇಡಮ್ಮ, ದೂರ ಹೋಗಬೇಕು,” ಎಂದಳು ಹೆಂಗಸು. ಆಮೇಲೆ ನಕ್ಕಳು. “ಕಾಲಿಗೆ ನೀರು ಹಾಕಿದಿರಲ್ಲ. ಇಷ್ಟು ಮಾಡಿದವರು ಬೇರೆ ಯಾರೂ ಇಲ್ಲ.”

ಬುಟ್ಟಿ ಹೊತ್ತು ಹೊರಟಳು. ಗಾರೆಯವಳು ಎಂದಿನಂತೆ ಅಚ್ಚನ್ನು ಒರೆಸಲು ಕೂತಳು. ಒರೆಸಿ ಏಳುವಾಗ ಅಂಗಳದ ಮೇಲೆ ಕಣ್ಣು ಬಿತ್ತು. ಒಣ ನೆಲದ ಮೇಲೆ ಒದ್ದೆ ಹೆಜ್ಜೆ. ಒಂದು ತನ್ನದು. ಅದರ ಪಕ್ಕ ಹೋದವಳದು. ಅಳತೆಯೂ ಒಂದೇ. ಎರಡಕ್ಕೂ ನಾಲ್ಕೇ ಬೆರಳು.

ಅಷ್ಟು ವರ್ಷ ಅಷ್ಟು ಜನ ಬಂದಿದ್ದರು. ಹೆಚ್ಚಿನವರು ಅವಳ ಮಕ್ಕಳಲ್ಲ, ಅದು ನಿಜ. ಆದರೆ ಅವಳು ಒಬ್ಬರ ಕಾಲನ್ನೂ ನೋಡಿರಲಿಲ್ಲ. ಅಚ್ಚನ್ನು ನೋಡಿದ್ದಳು. ಅಚ್ಚಿನೊಳಗೆ ಮಗು ಆರು ವರ್ಷದ್ದಾಗಿಯೇ ನಿಂತಿತ್ತು. ಹೊರಗೆ ಅದು ನಡೆಯುತ್ತಿತ್ತು.

ಬಿಸಿಲು ಚುರುಗುಟ್ಟುತ್ತಿತ್ತು. ಹೆಜ್ಜೆಗಳು ಅಂಗಳ ದಾಟಿ, ಹೊಸಿಲು ದಾಟಿ, ಕಲ್ಲುಹಾಸಿನ ದಾರಿಗೆ ಇಳಿದಿದ್ದವು. ಮೊದಲನೆಯದು ಅಂಚಿನಿಂದ ಆರತೊಡಗಿತ್ತು.

ಇಷ್ಟು ಹೇಳಿ ಮೇಡಂ ಸಿಪ್ಪೆಗಳನ್ನು ಒಟ್ಟುಮಾಡಿದರು.

ಕಸ್ತೂರಿಯ ಕೈಯಲ್ಲಿ ಹಣ್ಣು ಹಾಗೆಯೇ ಇತ್ತು. ಅವಳು ಆ ಮಬ್ಬನ್ನು ನೆನೆಯುತ್ತಿದ್ದಳು. ಎದೆಗೆ ಮಡಚಿದ ತೋಳೊಂದು ಯಾವಾಗಲೋ ಚಾಚಿಕೊಳ್ಳುತ್ತಿದ್ದರೆ, ಜೀವಕೋಶವನ್ನು ಹಿಡಿಯಲು ಕೈ ಎತ್ತುತ್ತಿದ್ದರೆ, ಕೈ ಎತ್ತಿದವು ಯಾವುವೂ ಮಡಚಿದ ಅಚ್ಚಿಗೆ ಕೂರುವುದಿಲ್ಲ. ಎಲ್ಲಿಗೆ ಹೋಗಿರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಜಳ್ಳು ಎಂದು ಹೆಸರಿಟ್ಟವಳು ತಾನೇ. ಆರು ಲಕ್ಷ. ಹೆಚ್ಚಿನವು ಮಂಜುಗಡ್ಡೆಯೇ ಇರಬಹುದು.

ಹಣ್ಣನ್ನು ಮೇಜಿನ ಮೇಲಿಟ್ಟು ಎದ್ದಳು. ಆದರೂ ಕೇಳದೆ ಇರಲಾಗಲಿಲ್ಲ.

“ಆಮೇಲೆ? ಮಗಳು ಸಿಕ್ಕಳಾ ಮೇಡಂ?”

ಮೇಡಂ ಗೋಡೆಯ ಗಡಿಯಾರ ನೋಡಿದರು. ನಾಲ್ಕೂಕಾಲು.

“ಹೆಜ್ಜೆ ಇನ್ನೂ ಆರಿಲ್ಲ ಕಣೇ.”